ಕಟ್ಟು ಹಾಕಿಸಿದ ಕ್ರಯಪತ್ರ

ಸ್ವಂತ ಅಂಗಡಿ ಕೊಂಡ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ನಾಲ್ಕು ಜನಕ್ಕೆ ಹೇಳಲೇಬೇಕು. ನಮ್ಮ ಕಟ್ಟಿನಣ್ಣ ಬಾಯಲ್ಲಿ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಕ್ರಯಪತ್ರಕ್ಕೇ ಕಟ್ಟು ಹಾಕಿ ಅಂಗಡಿಯ ಗೋಡೆಗೆ ನೇತುಹಾಕಿಬಿಟ್ಟ.

ಅವನ ಕೆಲಸವೇ ಅದು. ಮದುವೆ ಫೋಟೊ, ಶಾಲೆಯ ಪ್ರಶಸ್ತಿಪತ್ರ, ಮುಖ ನೋಡುವ ಕನ್ನಡಿ, ಏನು ತಂದುಕೊಟ್ಟರೂ ಸುತ್ತ ನಾಲ್ಕು ಪಟ್ಟಿ ಹೊಡೆದು, ಗಾಜು ಕೂರಿಸಿ, ಹಿಂದೆ ರಟ್ಟು ಬಡಿದು ಕೊಡುತ್ತಾನೆ. ಮರದ ಕೆಲಸ ಅವನದು, ಗಾಜಿನ ಕೆಲಸ ಹೆಂಡತಿಯದು. ಅವಳು ಗಾಜಿನ ಮೇಲೆ ಕಟರ್ ಎಳೆದಳೆಂದರೆ ಒಂದೇ ಗೆರೆ, ಒಂದೇ ಸದ್ದು, ಎರಡು ತುಂಡು. ಅದಕ್ಕೇ ಬೀದಿಯವರು ಅವಳನ್ನು ಗಾಜಿನಕ್ಕ ಅನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಅವಳ ಬೆರಳಿಗೆ ಎಷ್ಟು ಸಲ ಗಾಯವಾಗಿದೆಯೋ ಅವಳಿಗೇ ಲೆಕ್ಕವಿಲ್ಲ.

ಆ ಇಪ್ಪತ್ತು ವರ್ಷವೂ ಅಂಗಡಿ ಬಾಡಿಗೆಯದು. ಮಾಲೀಕ ಬೇರೆ ಯಾರೂ ಅಲ್ಲ, ಪಕ್ಕದ ಪುಟ್ಟ ಕೋಣೆಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಗಡಿಯಾರದಜ್ಜ. ಕಣ್ಣು ಮಂಜಾಯಿತು, ಇನ್ನು ಮಗಳ ಮನೆಯಲ್ಲಿ ಇರುತ್ತೇನೆ ಎಂದು ಅಂಗಡಿ ಮಾರಲು ಹೊರಟಾಗ ಅಜ್ಜ ಮೊದಲು ಕೇಳಿದ್ದು ಇವರನ್ನೇ. ಗಂಡ ಹೆಂಡತಿ ಕೂಡಿಟ್ಟದ್ದೆಲ್ಲ ತೆಗೆದರು. ಸಾಲದೇ ಬಂದದ್ದಕ್ಕೆ ಗಾಜಿನಕ್ಕನ ತಾಯಿ ಕೊಟ್ಟಿದ್ದ ಬಳೆಗಳೂ ಹೋದವು. ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ನೂರರ ಛಾಪಾ ಕಾಗದದ ಮೇಲೆ ಕ್ರಯಪತ್ರ ಬರೆಸಿ, ಅಜ್ಜನ ಸಹಿ ಹಾಕಿಸಿ, ನೋಟರಿಯವರಿಂದ ಕೆಂಪು ಮುದ್ರೆ ಒತ್ತಿಸಿ ತಂದರು.

ಕಾಗದ ಸುಕ್ಕಾಗಬಾರದು ಎಂದು ಕಟ್ಟಿನಣ್ಣ ಅದರ ಬೆನ್ನಿಗೆಲ್ಲ ಅಂಟು ಸವರಿ ರಟ್ಟಿಗೆ ಹಚ್ಚಿದ. ಅಂಗಡಿಯಲ್ಲಿದ್ದ ತೇಗದ ಪಟ್ಟಿಯಲ್ಲಿ ಒಳ್ಳೆಯದನ್ನು ಆರಿಸಿ ಕಟ್ಟು ಹಾಕಿದ. ಬಂದವರೆಲ್ಲ ನೋಡಿ "ಭಲೇ" ಅಂದರು. ಗಾಜಿನಕ್ಕ ದಿನಾ ಬೆಳಿಗ್ಗೆ ಅದರ ಗಾಜು ಒರೆಸಿಯೇ ಕೆಲಸಕ್ಕೆ ಕೂರುತ್ತಿದ್ದಳು.

ಒಂದು ಸೋಮವಾರ ಒಬ್ಬ ಹೆಂಗಸು ಫೋಟೊ ಹಿಡಿದು ಬಂದರು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು ಹೋದ ವಾರವಷ್ಟೇ ನಿವೃತ್ತರಾದವರು. ದಫ್ತರದಮ್ಮ ಎಂದರೆ ಎಲ್ಲರಿಗೂ ಗೊತ್ತು. ಬೀಳ್ಕೊಡುಗೆಯ ದಿನ ತೆಗೆದ ಫೋಟೊಗೆ ಕಟ್ಟು ಹಾಕಿಸಬೇಕಿತ್ತು. ಕಟ್ಟಿನಣ್ಣ ಅಳತೆ ಹಿಡಿಯುವಷ್ಟರಲ್ಲಿ ಅವರು ಕನ್ನಡಕ ಏರಿಸಿಕೊಂಡು ಗೋಡೆಯ ಮೇಲಿನ ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸಿದ್ದರು. ಮೂವತ್ತು ವರ್ಷದ ಚಟ, ಅಷ್ಟು ಬೇಗ ಬಿಡುತ್ತದೆಯೇ?

"ಪತ್ರ ಚೆನ್ನಾಗಿದೆ ಕಣಪ್ಪ. ಇದರ ಹಿಂದ್ಗಡೆ ಏನಿದೆ?" ಎಂದರು.

"ಹಿಂದ್ಗಡೆ ರಟ್ಟಿದೆ ಅಮ್ಮ. ಎರಡು ಪದರದ ರಟ್ಟು, ಇನ್ನೂ ಐವತ್ತು ವರ್ಷ ಏನೂ ಆಗಲ್ಲ."

"ರಟ್ಟಿನ ವಿಷಯ ಕೇಳ್ಲಿಲ್ಲ. ಕಾಗದದ ಬೆನ್ನ ಮೇಲೆ ಏನು ಬರೆದಿದ್ರು ಅಂತ ಕೇಳ್ದೆ."

ಕಟ್ಟಿನಣ್ಣ ಹೆಂಡತಿಯ ಮುಖ ನೋಡಿದ. "ಬೆನ್ನು ಖಾಲಿ ಇತ್ತು ಅಮ್ಮ," ಎಂದಳು ಗಾಜಿನಕ್ಕ. "ಅಂಟು ಹಚ್ಚುವಾಗ ಕಾಗದ ಹಿಡಿದುಕೊಂಡಿದ್ದವಳು ನಾನೇ."

ದಫ್ತರದಮ್ಮ ಅಲ್ಲೇ ಇದ್ದ ಸ್ಟೂಲ್ ಎಳೆದುಕೊಂಡು ಕೂತರು. 

"ನೋಡಮ್ಮ, ನೋಂದಣಿ ಆದ ಪತ್ರದಲ್ಲಿ ಕಚೇರಿಯ ಮುದ್ರೆ, ನಂಬರು, ತಾರೀಖು, ಮಾರಿದವರ ಫೋಟೊ, ಕೊಂಡವರ ಫೋಟೊ, ಹೆಬ್ಬೆಟ್ಟು ಎಲ್ಲಾ ಇರುತ್ತೆ. ಹಾಳೆ ಬೆನ್ನಲ್ಲೋ, ಕೊನೆಯ ಪುಟದಲ್ಲೋ, ಎಲ್ಲಾದ್ರೂ ಇದ್ದೇ ಇರುತ್ತೆ. ನಿಮ್ದರಲ್ಲಿ ಇಲ್ಲ ಅಂದ್ರೆ ಇದು ನೋಂದಣಿ ಆಗಿಲ್ಲ. ಅಂಗಡಿ ಇನ್ನೂ ಅಜ್ಜನದೇ."

"ಅದು ಹೇಗಮ್ಮ? ದುಡ್ಡು ಪೂರ್ತಿ ಕೊಟ್ಟಿದ್ದೀವಿ. ಕೆಂಪು ಮುದ್ರೆ ಬೇರೆ ಬಿದ್ದಿದೆ," ಎಂದ ಕಟ್ಟಿನಣ್ಣ. ದನಿ ಸ್ವಲ್ಪ ಗಟ್ಟಿಯಾಯಿತು.

"ನೋಟರಿ ಮುದ್ರೆ ಏನು ಹೇಳುತ್ತೆ ಗೊತ್ತಾ? ಈ ಸಹಿ ಹಾಕಿದ್ದು ಇವರೇ ಅನ್ನುತ್ತೆ. ಅಷ್ಟೇ. ಆಸ್ತಿ ಕೈ ಬದಲಾಯ್ತು ಅಂತ ಸರ್ಕಾರದ ಪುಸ್ತಕದಲ್ಲಿ ಬರೆಯೋದು ನೋಂದಣಿ ಕಚೇರಿ. ಆ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ. ನಾಳೆ ಸಾಲಕ್ಕೆ ಹೋದ್ರೆ ಬ್ಯಾಂಕು ಇದನ್ನ ನೋಡೋದೂ ಇಲ್ಲ."

 ಇಷ್ಟು ದಿನ ತಾನು ಒರೆಸಿದ್ದು ಬರೀ ಗಾಜನ್ನೇ ಎಂದು ಗಾಜಿನಕ್ಕನಿಗೆ ಆಗ ಹೊಳೆಯಿತು.

"ಅಂಟು ಬಿಡಿಸಿ ಇದನ್ನೇ ನೋಂದಣಿ ಮಾಡಿಸಬಹುದಾ ಅಮ್ಮ?" ಎಂದು ಕೇಳಿದಳು.

"ಬಿಡಿಸೋಕೆ ಹೋದ್ರೆ ಹರಿಯುತ್ತೆ. ಹರಿಯದೇ ಇದ್ರೂ ನೂರರ ಕಾಗದ ಸಾಲಲ್ಲ, ಮುದ್ರಾಂಕ ಶುಲ್ಕ ಪೂರ್ತಿ ಕಟ್ಟಬೇಕು. ಹೊಸ ಪತ್ರ ಬರೆಸಿಬಿಡಿ. ಆದ್ರೆ ಅಜ್ಜ ಬರಬೇಕು. ಮಾರಿದವರು ಕಚೇರಿಯಲ್ಲಿ ಎದುರಿಗೆ ನಿಂತು ಒಪ್ಪಿಕೊಂಡ್ರೇನೇ ಅದು ನೋಂದಣಿ. ಮಗಳ ಊರಿಗೆ ಹೊರಟಿದ್ದಾರಂತಲ್ಲ, ಯಾವಾಗ ಊರು ಬಿಡೋದು?"

"ಶುಕ್ರವಾರ," ಎಂದಳು ಗಾಜಿನಕ್ಕ.

ಅಂದರೆ ಉಳಿದದ್ದು ಮೂರು ದಿನ.

ಇಲ್ಲಿ ಕಟ್ಟಿನಣ್ಣ ತಲೆ ಕೊಡವಿದ. ಅವನ ಮನಸ್ಸಿನಲ್ಲಿ ಎರಡು ಮುಳ್ಳಿದ್ದವು. ಮೊದಲನೆಯದನ್ನು ಅಲ್ಲೇ ಹೊರಹಾಕಿದ. "ಮುದ್ರಾಂಕ ಶುಲ್ಕ ಅಂದ್ರೆ ಅಂಗಡಿ ಬೆಲೆಯಲ್ಲಿ ಅರ್ಧ ಹೋಗುತ್ತಂತೆ. ಟೀ ಅಂಗಡಿಯವನು ಹೇಳ್ದ. ಅವರವರ ಮುಖ ನೋಡಿ ಹಾಕ್ತಾರಂತೆ. ಅದಕ್ಕೇ ನಾನು ಆ ಕಡೆ ತಲೆ ಹಾಕ್ಲಿಲ್ಲ."

ದಫ್ತರದಮ್ಮ ನಕ್ಕರು. "ನಿನ್ನ ಹತ್ರ ಒಬ್ಬ ಗಿರಾಕಿ ಬಂದು, ನಮ್ಮದು ಹಳೇ ಫೋಟೊ, ಕಮ್ಮಿ ಮಾಡಪ್ಪ ಅಂದ್ರೆ ಏನಂತೀಯ?"

"ಫೋಟೊ ಯಾರದಾದ್ರೇನು ಅಮ್ಮ, ಅಡಿಗೆ ಇಷ್ಟು ಅಂತೀನಿ. ಪಟ್ಟಿ ಯಾವುದು, ಗಾಜು ಎಷ್ಟು ದಪ್ಪ, ಅದರ ಮೇಲೆ ಬೆಲೆ."

"ಸರ್ಕಾರಾನೂ ಅದನ್ನೇ ಮಾಡೋದು. ಪ್ರತಿ ಬೀದಿಗೂ ಒಂದು ದರದ ಪಟ್ಟಿ ಇದೆ. ಮಾರ್ಗಸೂಚಿ ಬೆಲೆ ಅಂತಾರೆ. ಜಾಗ ಎಷ್ಟು ಚದರಡಿ, ಮೇಲಿರೋದು ಶೀಟೋ ತಾರಸಿಯೋ, ಕಟ್ಟಡ ಎಷ್ಟು ಹಳೇದು, ಎಲ್ಲಾ ಸೇರಿಸಿ ಒಂದು ಬೆಲೆ ಬರುತ್ತೆ. ನೀನು ಅಜ್ಜನಿಗೆ ಕೊಟ್ಟ ಬೆಲೆ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ನೂರಕ್ಕೆ ಇಷ್ಟು ಅಂತ ಶುಲ್ಕ. ಮುಖ ನೋಡೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಪಟ್ಟಿ ಯಾರು ಬೇಕಾದ್ರೂ ನೋಡಬಹುದು, ಕೇಳಿದ್ರೆ ಲೆಕ್ಕ ಹಾಕಿ ಹೇಳ್ತಾರೆ."

"ಕೊಟ್ಟ ಬೆಲೆ ಸ್ವಲ್ಪ ಕಮ್ಮಿ ಬರೆಸಿದ್ರೆ?"

"ಪಟ್ಟಿಗಿಂತ ಕೆಳಗೆ ಬರೆಸಿದ್ರೆ ತಡೆದು ನಿಲ್ಲಿಸ್ತಾರೆ. ಆಮೇಲೆ ಸಿಕ್ಕಿಬಿದ್ರೆ ಉಳಿದ ಶುಲ್ಕಾನೂ ಕಟ್ಟಬೇಕು, ದಂಡಾನೂ ಕಟ್ಟಬೇಕು. ನಾಳೆ ರಸ್ತೆಗೆ ಅಂತ ಸರ್ಕಾರ ಅಂಗಡಿ ತಗೊಂಡ್ರೆ, ಪರಿಹಾರ ಕೇಳುವಾಗ ನೀನೇ ಬರೆಸಿದ ಕಮ್ಮಿ ಬೆಲೆ ನಿನಗೇ ಅಡ್ಡ ಬರುತ್ತೆ. ಕೊಟ್ಟಷ್ಟು ಬರೆಸಪ್ಪ, ನೆಮ್ಮದಿಯಾಗಿ ನಿದ್ದೆ ಮಾಡು."

ಎದ್ದು ಹೊರಟವರು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಗೋಡೆ ನೋಡಿದರು. "ಇನ್ನೊಂದು ಮಾತು. ಕೊಂಡವರು ಅಂತ ಒಬ್ಬರದೇ ಹೆಸರಿದೆಯಲ್ಲ. ಗಾಜು ಕೊಯ್ಯೋರ ಹೆಸರೆಲ್ಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರು.

ಎರಡನೆಯ ಮುಳ್ಳು ಹೊರಬಿದ್ದದ್ದು ಗಿರಾಕಿಗಳೆಲ್ಲ ಹೋಗಿ ಇಬ್ಬರೇ ಉಳಿದ ಮೇಲೆ.

"ದುಡ್ಡು ಹೇಗೋ ಆಗುತ್ತೆ ಕಣೆ. ಮೂಲೆ ಕತ್ತರಿಸೋ ಯಂತ್ರಕ್ಕೆ ಅಂತ ಇಟ್ಟಿದ್ದನ್ನ ತೆಗೆದರಾಯ್ತು. ಆದ್ರೆ ಅಜ್ಜನ್ನ ಯಾವ ಮುಖ ಇಟ್ಕೊಂಡು ಕೇಳೋದು? ಇಪ್ಪತ್ತು ವರ್ಷದಲ್ಲಿ ಒಂದು ಸಲ ಬಾಡಿಗೆ ತಡವಾಯ್ತು ಅಂತ ಮಾತಾಡಿದವರಲ್ಲ. ಸಹಿ ಹಾಕಿ ಕೊಟ್ಟಿದ್ದಾರೆ. ಈಗ ಹೋಗಿ, ಅಜ್ಜಾ ನಿಮ್ಮ ಸಹಿ ಸಾಲದು, ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿ ಅಂದ್ರೆ ಏನಂದ್ಕೊಳ್ಳಲ್ಲ? ನಮ್ಮನ್ನ ನಂಬಲಿಲ್ವಲ್ಲ ಅಂತ ಮನಸ್ಸು ಮುರ್ಕೊಳ್ತಾರೆ."

 ಗಂಡನ ಮಾತು ಸುಳ್ಳಲ್ಲ. ಗಾಜಿನಕ್ಕನ ಕೈಗೆ ಮೊದಲ ಸಲ ದೊಡ್ಡ ಗಾಯವಾದಾಗ, ತನ್ನ ಕೆಲಸ ಬಿಟ್ಟು ಓಡಿ ಬಂದು ರಕ್ತ ನಿಲ್ಲುವವರೆಗೂ ಬೆರಳು ಒತ್ತಿ ಹಿಡಿದದ್ದು ಆ ಅಜ್ಜನೇ. ಅಂಥವನಿಗೆ ಸಂಕಟ ಕೊಡಲು ಅವಳಿಗೂ ಮನಸ್ಸಿರಲಿಲ್ಲ. ಆದರೆ ಗೋಡೆಯ ಕಡೆ ನೋಡಿದಾಗೆಲ್ಲ, ಅಜ್ಜ ಇಲ್ಲದ ಕಾಲಕ್ಕೆ ಯಾರೋ ಬಂದು ಬೀಗದ ಕೈ ಕೇಳಿದರೆ ಈ ಕಟ್ಟು ಏನು ಉತ್ತರ ಹೇಳುತ್ತದೆ ಎಂಬ ಯೋಚನೆ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಗಂಡ ಮರದ ಪಟ್ಟಿ ತರಲು ಹೋದದ್ದೇ, ಅವಳು ಪಕ್ಕದ ಕೋಣೆಗೆ ಹೋದಳು. ಅಜ್ಜ ಮೇಜಿನ ಮುಂದೆ ಕೂತು ಚಿಮುಟ, ಸಣ್ಣ ಸ್ಕ್ರೂಡ್ರೈವರ್, ಮಸೂರಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳು ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಎಲ್ಲಾ ಹೇಳಿದಳು. ಕೊನೆಗೆ, "ತಪ್ಪು ತಿಳ್ಕೋಬೇಡಿ ಅಜ್ಜಾ. ನಿಮ್ಮ ಮೇಲೆ ಅನುಮಾನ ಅಂತಲ್ಲ," ಎನ್ನುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಅಜ್ಜ ಸುತ್ತುವುದು ನಿಲ್ಲಿಸಿದ. "ಬಾ ಮಗಳೇ, ಕೂತ್ಕೋ. ಐವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದೀನಿ. ಸರಿ ಹೋಗಿದೆ ತಗೊಳ್ಳಿ ಅಂತ ನಾನು ಕೈಗೆ ಕೊಟ್ರೆ ಜನ ಮೊದ್ಲು ಏನು ಮಾಡ್ತಾರೆ?"

ಅವಳು ಕಣ್ಣೊರೆಸಿಕೊಂಡಳು. "ಕಿವಿ ಹತ್ರ ಹಿಡಿದು ಕೇಳ್ತಾರೆ."

"ಹಾಂ. ನಾನು ಹೇಳಿದ್ದೀನಲ್ಲ, ಮತ್ತೆ ಯಾಕೆ ಕೇಳ್ತೀರಿ ಅಂತ ಒಬ್ಬರ ಮೇಲಾದ್ರೂ ರೇಗಿದೀನಾ? ಕೇಳಿಸ್ಕೋಬೇಕು. ದುಡ್ಡು ಕೊಟ್ಟವರು ಕೇಳಿಸ್ಕೊಂಡೇ ಹೋಗಬೇಕು. ಕೇಳಿಸ್ಕೊಳ್ಳದೆ ಜೇಬಿಗೆ ಹಾಕ್ಕೊಂಡು ಹೋಗೋರನ್ನ ಕಂಡ್ರೇ ನನಗೆ ಭಯ." ಅಜ್ಜ ಮಸೂರವನ್ನು ಪೆಟ್ಟಿಗೆಯಲ್ಲಿಟ್ಟ. "ನನಗೂ ತಿಳೀಲಿಲ್ಲ ನೋಡು, ಅಷ್ಟೇ ಸಾಕು ಅಂದ್ಕೊಂಡೆ. ನಡಿ, ಯಾವತ್ತು ಹೋಗೋದು?"

ಅವಳು ಆಗಲೇ ದಫ್ತರದಮ್ಮನನ್ನು ಕರೆತರಲು ಹೊರಟಳು.

ಅಂದೇ ದಫ್ತರದಮ್ಮನ ಜೊತೆ ಮೂವರೂ ಕೂತರು. ಅಂಗಡಿಯ ಮೇಲೆ ಸಾಲ, ಹಳೇ ಮಾರಾಟ, ತಕರಾರು ಏನಾದರೂ ಇದೆಯೇ ಎಂದು ಮೊದಲು ಋಣಭಾರ ಪತ್ರ ತೆಗೆಸಿದರು. ಏನೂ ಇರಲಿಲ್ಲ. "ಇದನ್ನ ದುಡ್ಡು ಕೊಡೋ ಮೊದಲೇ ನೋಡಬೇಕಿತ್ತು. ನಿಮ್ಮ ಅದೃಷ್ಟ, ಮಾರಿದವರು ಅಜ್ಜ," ಎಂದು ದಫ್ತರದಮ್ಮ ಸಣ್ಣಗೆ ಗದರಿದರು. ಹಳೇ ಪತ್ರದಲ್ಲಿ ಅಂಗಡಿಯ ಉದ್ದ ಹದಿನಾರು ಅಡಿ ಎಂದಿತ್ತು. ಅಳತೆ ಎಂದ ಕೂಡಲೇ ಕಟ್ಟಿನಣ್ಣನಿಗೆ ಜೀವ ಬಂತು. ಟೇಪು ತಂದು ಹಿಡಿದ. ಹದಿನಾಲ್ಕೇ ಅಡಿ. ಎಂದೋ ಚರಂಡಿ ಕಟ್ಟುವಾಗ ಮುಂದಿನ ಎರಡು ಅಡಿ ಹೋಗಿತ್ತು, ಅಜ್ಜನಿಗೂ ಮರೆತಿತ್ತು. ಹೊಸ ಪತ್ರದಲ್ಲಿ ಇದ್ದ ಅಳತೆಯನ್ನೇ ಬರೆಸಿದರು, ನಾಲ್ಕೂ ಕಡೆ ಯಾರ ಜಾಗ ಇದೆ ಎಂದು ಚಕ್ಕುಬಂದಿಯನ್ನೂ ಸರಿಯಾಗಿ ಬರೆಸಿದರು. ಶುಲ್ಕದ ಲೆಕ್ಕ ಬಂದಾಗ ಅರ್ಧವೂ ಇರಲಿಲ್ಲ, ಕಾಲೂ ಇರಲಿಲ್ಲ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಯಂತ್ರದ ದುಡ್ಡು ಹೋಯಿತು ನಿಜ. ಟೀ ಅಂಗಡಿಯವನ ಮಾತು ಕೇಳಿ ಅಂಗಡಿಯನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಕಟ್ಟಿನಣ್ಣ ತನ್ನ ತಲೆಗೆ ತಾನೇ ಮೊಟಕಿಕೊಂಡ.

ಟೈಪಿಂಗ್ ಅಂಗಡಿಯಲ್ಲಿ ಕೊಂಡವರ ಹೆಸರು ಕೇಳಿದಾಗ, ಅವನು ಮೊದಲು ಹೆಂಡತಿಯ ಹೆಸರು ಹೇಳಿದ, ಆಮೇಲೆ ತನ್ನದು. ಯಾರ ಮುಖವನ್ನೂ ನೋಡದೆ, ಗಿರಾಕಿಗೆ ಅಳತೆ ಹೇಳುವ ದನಿಯಲ್ಲಿ ಹೇಳಿದ. 

ಗುರುವಾರ ಕಚೇರಿಯಲ್ಲಿ ಉದ್ದನೆಯ ಬೆಂಚು, ತಿರುಗುವ ಫ್ಯಾನು, ಕಂಪ್ಯೂಟರಿನ ಮುಂದೆ ಸಣ್ಣ ಕ್ಯಾಮೆರಾ. ಇಬ್ಬರು ಸಾಕ್ಷಿಗಳು ಬಂದರು. ಎಲ್ಲರ ಗುರುತಿನ ಚೀಟಿ ನೋಡಿದರು, ಫೋಟೊ ತೆಗೆದರು. ಅಜ್ಜ ಹೆಬ್ಬೆಟ್ಟು ಇಟ್ಟ. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಇಟ್ಟ. ಇಲ್ಲ. ಐವತ್ತೈದು ವರ್ಷ ಸಣ್ಣ ಸಣ್ಣ ಚಕ್ರ ತಿರುಗಿಸಿ, ಎಣ್ಣೆ ಒರೆಸಿ, ಬೆರಳ ಗೆರೆಗಳು ಸವೆದುಹೋಗಿದ್ದವು. ಮೂರನೆಯ ಸಲವೂ ಆಗದಿದ್ದಾಗ ಗಾಜಿನಕ್ಕನಿಗೆ ಅಳುವೇ ಬಂತು. ಎದ್ದು ಹೋಗಿ ಸೆರಗಿನ ತುದಿ ನೀರಲ್ಲಿ ಅದ್ದಿ, ಅಜ್ಜನ ಹೆಬ್ಬೆರಳನ್ನು ಮೆಲ್ಲಗೆ ಒರೆಸಿದಳು. ಅವಳ ಬೆರಳನ್ನು ಒತ್ತಿ ಹಿಡಿದಿದ್ದ ಕೈಯೇ ಅದು. ನಾಲ್ಕನೆಯ ಸಲ ಪರದೆಯ ಮೇಲೆ ಗೆರೆಗಳು ಮೂಡಿದವು.

"ಅಜ್ಜಾ, ದುಡ್ಡು ಪೂರ್ತಿ ಮುಟ್ಟಿದೆಯಾ? ಯಾರಾದ್ರೂ ಬಲವಂತ ಮಾಡಿದ್ದಾರಾ?" ಎಂದು ಅಧಿಕಾರಿ ಕೇಳಿದರು.

"ಮುಟ್ಟಿದೆ. ಬಲವಂತ ಇಲ್ಲ. ಇವರು ಕೇಳಿಸ್ಕೊಂಡು ಹೋಗೋಕೆ ಬಂದಿದ್ದಾರೆ," ಎಂದ ಅಜ್ಜ. ಅಧಿಕಾರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕು ಸಹಿ ಹಾಕಿದರು.

ಪತ್ರ ಕೈಗೆ ಬಂದಾಗ ಗಾಜಿನಕ್ಕ ಮೊದಲು ಮಾಡಿದ್ದು ಅದನ್ನು ತಿರುಗಿಸಿ ಬೆನ್ನು ನೋಡಿದ್ದು. ಮುದ್ರೆ ಇತ್ತು, ನಂಬರಿತ್ತು. ಮೂವರ ಪುಟ್ಟ ಫೋಟೊಗಳಿದ್ದವು. ಆ ವಾರವೇ ಪುರಸಭೆಗೆ ಹೋಗಿ ತೆರಿಗೆ ಪುಸ್ತಕದಲ್ಲೂ ಹೆಸರು ಬದಲಾಯಿಸಲು ಅರ್ಜಿ ಕೊಟ್ಟರು. ಹೇಳಿದಂತೆ ಅಜ್ಜ ಶುಕ್ರವಾರ ಮಗಳ ಊರಿಗೆ ಹೊರಟುಹೋದ.

ಕಟ್ಟಿನಣ್ಣ ಕಟ್ಟು ಹಾಕುವ ಹುಚ್ಚು ಬಿಟ್ಟನೇ? ಎಲ್ಲಿ ಬಿಡುತ್ತಾನೆ. ಆದರೆ ಈ ಸಲ ಅಸಲು ಪತ್ರ ಕಬ್ಬಿಣದ ಪೆಟ್ಟಿಗೆ ಸೇರಿತು. ಜೆರಾಕ್ಸ್ ಪ್ರತಿಗೆ ಕಟ್ಟು ಬಿತ್ತು, ಅದೂ ಎರಡೂ ಕಡೆ ಗಾಜು ಹಾಕಿ, ತಿರುಗಿಸಿದರೆ ಬೆನ್ನೂ ಕಾಣುವ ಹಾಗೆ.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಅಜ್ಜನ ಮಗಳು. ಮುಖದಲ್ಲಿ ಸಂಕೋಚ.

"ಅಪ್ಪನಿಗೆ ಈಗ ನೆನಪು ನಿಲ್ತಾ ಇಲ್ಲ. ನನ್ನನ್ನೂ ಒಂದೊಂದು ದಿನ ಯಾರು ನೀನು ಅಂತಾರೆ. ಆದ್ರೆ ದಿನಾ ಒಂದೇ ಮಾತು, ಕಟ್ಟಿನಂಗಡಿ ನಂದು, ಬಾಡಿಗೆ ಬಂದಿಲ್ಲ, ಹೋಗಿ ತಗೊಂಡು ಬಾ ಅಂತ. ಮಾರಿದ್ದು ನನಗೆ ಅಷ್ಟಾಗಿ ಗೊತ್ತಿಲ್ಲ. ನಿಜವಾಗ್ಲೂ ಬಾಕಿ ಇದೆಯಾ, ಇಲ್ವಾ, ಕೇಳೋಣ ಅಂತ ಬಂದೆ. ಬೇಜಾರು ಮಾಡ್ಕೋಬೇಡಿ."

ಕಟ್ಟಿನಣ್ಣನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಅಜ್ಜನಂಥ ಅಜ್ಜ. ಅವನು ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿರಲಿಲ್ಲ. ಪಾಪ, ಮರೆತಿದ್ದ.

ಗಾಜಿನಕ್ಕ ಎದ್ದು ಗೋಡೆಯಿಂದ ಕಟ್ಟು ಇಳಿಸಿ, ತಿರುಗಿಸಿ, ಅವಳ ಕೈಗಿಟ್ಟಳು. ಮಗಳು ನೋಡಿದಳು. ಅಪ್ಪನ ಹೆಸರು, ಅಪ್ಪನ ಸವೆದ ಹೆಬ್ಬೆಟ್ಟು, ಕಚೇರಿಯ ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಿದ್ದ ಅಪ್ಪ. ಎಲ್ಲಾ ನೆನಪಿದ್ದ ದಿನದ ಅಪ್ಪ. ಅವಳು ಗಾಜಿನ ಮೇಲೆ ಕೈಯಿಟ್ಟಳು.

"ಬಾಕಿ ಏನೂ ಇಲ್ಲ ಅಂತ ಮನೇಲಿ ಎಲ್ಲರಿಗೂ ಹೇಳ್ತೀನಿ," ಎಂದಳು. "ಅಕ್ಕಾ, ಈ ಫೋಟೊ ಒಂದು ದೊಡ್ಡದು ಮಾಡಿಸಿ, ಕಟ್ಟು ಹಾಕಿಕೊಡ್ತೀರಾ?"

ಕಟ್ಟಿನಣ್ಣ ತೇಗದ ಪಟ್ಟಿ ತೆಗೆದ. ಗಾಜಿನಕ್ಕ ಗಾಜು ಕೊಯ್ದಳು. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ನಿಮ್ಮ ಸರದಿ. ಮನೆಯೋ, ಸೈಟೋ, ತೋಟವೋ, ಅಂಗಡಿಯೋ, ನೀವು ಕೊಂಡದ್ದರ ಪತ್ರ ಎಲ್ಲಿಟ್ಟಿದ್ದೀರಿ? ಇವತ್ತೇ ಹೊರಗೆ ತೆಗೆಯಿರಿ. ಮುಂದಿನ ಪುಟ ಓದಿ ಖುಷಿಪಟ್ಟದ್ದು ಸಾಕು, ಹಾಳೆ ತಿರುಗಿಸಿ ನೋಂದಣಿ ಕಚೇರಿಯ ಮುದ್ರೆ, ನಂಬರು, ತಾರೀಖು ಹುಡುಕಿ. ಕಾಣದಿದ್ದರೆ ಮಾರಿದವರು ಎದುರಿಗಿರುವಾಗಲೇ, ಅವರಿಗೆ ನೆನಪಿರುವಾಗಲೇ ಹತ್ತಿರದ ನೋಂದಣಿ ಕಚೇರಿಗೆ ಹೋಗಿ ಕೇಳಿ. ಸಹಿ ಬಿದ್ದ ಪತ್ರವನ್ನು ನಾಲ್ಕು ತಿಂಗಳೊಳಗೆ ಒಪ್ಪಿಸಬೇಕು, ಅದು ಮೀರಿದ್ದರೂ ಏನು ದಾರಿ ಎಂದು ಅಲ್ಲಿ ಹೇಳುತ್ತಾರೆ. ಶುಲ್ಕ ಎಷ್ಟೆಂದು ಟೀ ಅಂಗಡಿಯಲ್ಲಿ ಕೇಳಬೇಡಿ, ಕಚೇರಿಯ ಪಟ್ಟಿಯಲ್ಲಿ ನೋಡಿ. ಮಾರಿದವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚವೂ ಬೇಡ. ಒಳ್ಳೆಯವರಾದರೆ ಆ ಅಜ್ಜನ ಹಾಗೆ, ಕೇಳಿಸ್ಕೊಂಡೇ ಹೋಗಿ ಅನ್ನುತ್ತಾರೆ.